ತಣ್ಣನೆ ನಳಿಗೆಯ ಮೊದಲ ಈಡು

ಕೊಲೊರಾಡೊದಲ್ಲಿ ಆಗಸ್ಟ್ ಅರ್ಧ ಕಳೆಯಿತೆಂದರೆ ಕೋವಿ ಅಂಗಡಿಗಳಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಎಲ್ಕ್ ಬೇಟೆಯ ರೈಫಲ್ ಸೀಸನ್ ಶುರು. ಅಷ್ಟರೊಳಗೆ ಎಲ್ಲರಿಗೂ ತಮ್ಮ ಕೋವಿ ಹೋದ ವರ್ಷಕ್ಕಿಂತ ದೂರ ಹೊಡೆಯಬೇಕು. 200 ಗಜಕ್ಕೆ ತೃಪ್ತಿಪಟ್ಟುಕೊಂಡಿದ್ದವನಿಗೆ 500 ಬೇಕು, 500 ಗಜದವನಿಗೆ 800.

ಬೇಲಿಯಾಚೆಯ ಗೌಡರ ಮನೆಗೂ ಆ ಗಾಳಿ ತಗುಲಿದೆ. ಗೌಡರು ಸಕಲೇಶಪುರದ ಕಡೆಯವರು, ನಾನು ಕೊಡಗಿನವಳು. ಹಲಗೆ ಬೇಲಿಯ ಆಚೀಚೆ ನಿಂತು ಅರ್ಧ ಗಂಟೆ ಕನ್ನಡದಲ್ಲಿ ಮಾತಾಡದಿದ್ದರೆ ಇಬ್ಬರಿಗೂ ಸಂಜೆ ಆದ ಹಾಗೆ ಅನ್ನಿಸುವುದಿಲ್ಲ. ಮೊನ್ನೆ ಬೇಲಿಗೆ ಮೊಣಕೈ ಊರಿ ನಿಂತವರು, "ಅಕ್ಕಾ, ನಮ್ಮ ಹುಡುಗ ಕೋವಿ ತಗಂಡ್ ಬಂದವ್ನೆ" ಅಂದರು.

"ಯಾವುದು?"

"ಥರ್ಟಿ ಆಟ್ ಸಿಕ್ಸ್ ಅಂತೆ. ಯಾರೋ ವಯಸ್ಸಾದೋರು ಬೇಟೆ ಬಿಟ್ರಂತೆ, ಅವರದ್ದು. ಅಂಗಡಿ ಮುಖಾಂತರ ಕಾಗದ ಪತ್ರ ಎಲ್ಲ ಆಗಿದೆ. ಈಗ ನೋಡಿದ್ರೆ ಅದನ್ನ ಮಾರ್ತೀನಿ ಅಂತಾನೆ. ದೂರಕ್ಕೆ ಹೊಡೆಯಲ್ವಂತೆ. 600 ಗಜ ಹೊಡೆಯೋದು ಬೇಕಂತೆ."

"ಮಾರಬೇಡ ಅನ್ನಿ ಗೌಡ್ರೇ. ಆ ತೋಟಾ ಹುಟ್ಟಿದ್ದೇ 1906ರಲ್ಲಿ, ಅಮೆರಿಕದ ಸೈನ್ಯಕ್ಕೆ ಅಂತ. ದೂರದ ಲೆಕ್ಕದಲ್ಲಿ ಅದಕ್ಕೇನೂ ಕಡಿಮೆ ಇಲ್ಲ. ಕೋವಿ ಸರಿಯಾಗಿದೆಯಾ ನೋಡೋಣ, ಸರಿ ಇಲ್ಲದಿದ್ದರೆ ಹೊಂದಿಸೋಣ."

ಕೊಡಗಿನಲ್ಲಿ ಹುಟ್ಟಿದವಳಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು; ಊರಿಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ. 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ನಿಂತಿತು, ನಿಲ್ಲಬೇಕಾದದ್ದೇ. ಈಗ ನಮ್ಮೂರಿನ ಗುರಿಯೆಲ್ಲ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ. ಹಿರಿಯರ ಶಿಕಾರಿ ಕತೆಗಳಲ್ಲೂ ದೂರದ ಮಾತು ಬರುತ್ತಿರಲಿಲ್ಲ. ಕಾಡು ದಟ್ಟ, ಮೂವತ್ತು ನಲವತ್ತು ಹೆಜ್ಜೆಯಾಚೆ ಏನೂ ಕಾಣದು, ಅಷ್ಟು ದೂರಕ್ಕೆ ಜೋಡಿ ನಳಿಗೆಯ ಕೋವಿ ಸಾಕೇ ಸಾಕು. ಇಲ್ಲಿ ರಾಕಿ ಪರ್ವತದ ಪಶ್ಚಿಮದ ಇಳಿಜಾರುಗಳಲ್ಲಿ ಸೇಜ್ ಪೊದೆಗಳು ಮೊಣಕಾಲೆತ್ತರ. ಕಣಿವೆಯಾಚೆ ಮೈಲಿ ದೂರದಲ್ಲಿ ನಿಂತ ಎಲ್ಕ್ ಬರಿಗಣ್ಣಿಗೇ ಕಾಣುತ್ತದೆ. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡದು. ಪ್ರಪಂಚದಲ್ಲೇ ಅತಿ ಹೆಚ್ಚು ಎಲ್ಕ್ ಇರುವುದು ಈ ರಾಜ್ಯದಲ್ಲಿ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸ್ಪಷ್ಟವಾಗಿ ಕಂಡಾಗ ಇಲ್ಲಿಂದಲೇ ಹೊಡೆದುಬಿಡಬಹುದು ಎಂಬ ಆಸೆ ಹುಟ್ಟದೆ ಇರುತ್ತದೆಯೆ?

ಆ ಆಸೆಗೆ ನನ್ನ ಉತ್ತರ ಒಂದೇ. ದೂರದ ಬೇಟೆಗೆ ಕೋವಿ ಹೊಂದಿಸುವುದೆಂದರೆ ಅದರ ಮೊದಲ ಈಡನ್ನು ಹೊಂದಿಸುವುದು. ಶೂಟಿಂಗ್ ರೇಂಜಿನಲ್ಲಿ ಮೇಜಿನ ಮುಂದೆ ಕುಳಿತು ಇಪ್ಪತ್ತು ಗುಂಡು ಹೊಡೆಯುತ್ತೇವೆ. ನಳಿಗೆ ಬಿಸಿಯಾಗುತ್ತದೆ, ಕೈ ಪಳಗುತ್ತದೆ, ಹನ್ನೊಂದನೆಯದೋ ಹನ್ನೆರಡನೆಯದೋ ಸರಿಯಾಗಿ ನಡುವಿಗೆ ಬೀಳುತ್ತದೆ, ಅದರ ಫೋಟೊ ತೆಗೆದುಕೊಂಡು ಮನೆಗೆ ಬರುತ್ತೇವೆ. ಬೆಟ್ಟದಲ್ಲಿ ಹನ್ನೊಂದನೆಯ ಗುಂಡು ಇಲ್ಲ. ನಸುಕಿನಲ್ಲಿ ಎದ್ದು 10,000 ಅಡಿ ಎತ್ತರದಲ್ಲಿ ಏದುಸಿರು ಬಿಡುತ್ತ ಹತ್ತಿದ ಮೇಲೆ ಮಂಜಿನಷ್ಟು ತಣ್ಣಗಿರುವ ನಳಿಗೆಯಿಂದ ಒಂದೇ ಒಂದು ಗುಂಡು. ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದರೆ ಕೋವಿ ಸಿದ್ಧ. ಗೊತ್ತಿಲ್ಲದಿದ್ದರೆ ಎಷ್ಟು ಸಾವಿರ ಡಾಲರ್ ಸುರಿದರೂ ಸಿದ್ಧವಲ್ಲ.

ಗೌಡರ ಮಗ ಕೋವಿಯನ್ನು ಬೇಲಿಯ ಬಳಿಗೆ ತಂದ. ಬೋಲ್ಟ್ ಬಿಚ್ಚಿ, ತೋಟಾ ಇಲ್ಲವೆಂದು ನನಗೂ ತೋರಿಸಿ, ಆಮೇಲೆ ಕೊಟ್ಟ. ಅಷ್ಟರಲ್ಲೇ ಹುಡುಗನ ಮೇಲೆ ನನಗೆ ನಂಬಿಕೆ ಬಂತು. ಇಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆಗಾರರ ತರಬೇತಿ ಮುಗಿಸದೆ ಸಾಮಾನ್ಯವಾಗಿ ಲೈಸೆನ್ಸ್ ಸಿಗುವುದಿಲ್ಲ. ಅಲ್ಲಿ ಮೊದಲು ಕಲಿಸುವುದೇ ಇದನ್ನು.

ವಾಲ್‌ನಟ್ ಮರದ ಹಿಡಿ, ಚೆನ್ನಾಗಿ ಎಣ್ಣೆ ಕುಡಿದದ್ದು. ನಾನು ಮೊದಲು ನೋಡಿದ್ದು ಸ್ಕೋಪನ್ನಲ್ಲ, ನಳಿಗೆ ಮತ್ತು ಮರದ ನಡುವಿನ ಸಂದನ್ನು. ಒಂದು ಡಾಲರ್ ನೋಟನ್ನು ಸಂದಿನಲ್ಲಿ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆದರೆ ಅದು ತಡೆಯಿಲ್ಲದೆ ಬೋಲ್ಟ್ ಓಡಾಡುವ ಉಕ್ಕಿನ ಭಾಗದ, ಅಂದರೆ ಆಕ್ಷನ್ನಿನ, ಹತ್ತಿರದವರೆಗೆ ಬರಬೇಕು. ಇದರಲ್ಲಿ ನಡುವೆಯೇ ಸಿಕ್ಕಿಕೊಂಡಿತು.

"ನೋಡಪ್ಪ, ಮರ ಇಲ್ಲಿ ನಳಿಗೆಗೆ ತಾಗ್ತಾ ಇದೆ. ನಮ್ಮೂರ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳಲ್ವಾ, ಅದೇ. ಹಿಮ ಬಿದ್ದು ಒದ್ದೆಯಾದ ದಿನ ಒಂದು ಥರ ಒತ್ತುತ್ತೆ, ಒಣಗಿದ ದಿನ ಇನ್ನೊಂದು ಥರ. ಗುಂಡು ಹಾರುವಾಗ ನಳಿಗೆ ತಂತಿ ಮೀಟಿದ ಹಾಗೆ ಅದುರುತ್ತೆ. ಆ ಅದುರು ಪ್ರತಿ ಸಲವೂ ಒಂದೇ ಥರ ಇರಬೇಕು."

ಇದಕ್ಕೆ ಮದ್ದು ದುಬಾರಿಯಲ್ಲ. ಒಂದು ಕೋಲಿಗೆ ಮರಳು ಕಾಗದ ಸುತ್ತಿ, ಮುಂದಿನ ತೋಡನ್ನು ಉಜ್ಜಿ ಅಗಲ ಮಾಡಿ, ಬೋಳಾದ ಮರಕ್ಕೆ ಮತ್ತೆ ಎಣ್ಣೆಯೋ ವಾರ್ನಿಷೋ ಹಚ್ಚುವುದು. ಆಮೇಲೆ ಆಕ್ಷನ್ನು ಕೂರುವ ಜಾಗ. ಹಿಂದೊದೆತವನ್ನು ತಡೆದುಕೊಳ್ಳುವ ಉಕ್ಕಿನ ಹಲ್ಲೊಂದು ಅಲ್ಲಿರುತ್ತದೆ, ರಿಕಾಯಿಲ್ ಲಗ್ ಎನ್ನುತ್ತಾರೆ. ಅದರ ಹಿಂದೆ ಮರ ಸವೆದು ಸ್ವಲ್ಪ ಸಡಿಲವಾಗಿದ್ದರೂ ಪ್ರತಿ ಈಡಿಗೂ ಕೋವಿ ತನ್ನ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತದೆ. ಅಲ್ಲಿ ಎಪಾಕ್ಸಿ ತುಂಬಿ ಆಕ್ಷನ್ನಿಗೆ ಹೊಂದುವ ಅಚ್ಚು ಮಾಡಿಕೊಡುವ ಕೆಲಸಕ್ಕೆ ಬೆಡ್ಡಿಂಗ್ ಎಂದು ಹೆಸರು. ಸ್ಕ್ರೂ ಹಾಯುವ ತೂತಿಗೆ ಅಲ್ಯೂಮಿನಿಯಂ ಕೊಳವೆ ಕೂರಿಸಿದರೆ ಮರ ಕುಗ್ಗಿದರೂ ಹಿಡಿತ ಕುಗ್ಗುವುದಿಲ್ಲ. ಕೈ ಕೂಡದವರು ಇದನ್ನು ಕೋವಿ ರಿಪೇರಿಯವನಿಗೆ ಬಿಡುವುದು ವಾಸಿ, ಉಕ್ಕಿಗೆ ಬಿಡುಗಡೆಯ ಮೇಣ ಹಚ್ಚುವುದನ್ನು ಮರೆತರೆ ಆಕ್ಷನ್ನು ಮರಕ್ಕೆ ಅಂಟಿಕೊಂಡೇ ಹೋಗುತ್ತದೆ.

"ಮರದ ಹಿಡಿ ತೆಗೆದು ಪ್ಲಾಸ್ಟಿಕ್ಕಿಂದು ಹಾಕಿದ್ರೆ ಮುಗೀತಲ್ಲ ಅಕ್ಕಾ?" ಗೌಡರು ಕೇಳಿದರು.

ಹಾಕಬಹುದು. ಗಾಜಿನ ನಾರಿನ ಒಳ್ಳೆಯ ಸ್ಟಾಕು ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಮಾತ್ರ ಬೇಡ. ಮುಂಭಾಗಕ್ಕೆ ಬೈಪಾಡ್ ಕಾಲು ಸಿಕ್ಕಿಸಿ ಸ್ವಲ್ಪ ಒತ್ತಿದರೂ ಬಾಗಿ ನಳಿಗೆಯನ್ನು ಮುಟ್ಟುತ್ತದೆ. ಅದಕ್ಕಿಂತ ಈ ವಾಲ್‌ನಟ್ಟೇ ಮೇಲು. ಆ ಹಳೆಯ ಬೇಟೆಗಾರ ಇಷ್ಟು ಜತನದಿಂದ ಕಾಪಾಡಿದ ಮರವನ್ನು ತೆಗೆದು ಮೂಲೆಗೆಸೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಸ್ಕೋಪು. ದೂರ ಹೊಡೆಯಬೇಕೆನ್ನುವವರು ಮೊದಲು ಕೈ ಹಾಕುವುದು ಸ್ಕೋಪಿಗೆ, ಅದರಲ್ಲೂ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದಕ್ಕೆ. 25 ಪಟ್ಟು ಹಿಗ್ಗಿಸುವ ಗಾಜಿನಲ್ಲಿ ಏದುಸಿರು ಬಿಡುವ ನಿಮ್ಮ ಎದೆಬಡಿತವೂ 25 ಪಟ್ಟು ಕುಣಿಯುತ್ತದೆ, ಪ್ರಾಣಿಯನ್ನು ಹುಡುಕುವುದೇ ಕಷ್ಟವಾಗುತ್ತದೆ. 3ರಿಂದ 15 ಪಟ್ಟಿನದ್ದು ಬೇಟೆಗೆ ಧಾರಾಳ ಸಾಕು. ನೋಡಬೇಕಾದದ್ದು ಬೇರೆಯೇ ಇದೆ: ಮೇಲಿನ ತಿರುಗಣೆಯನ್ನು ತಿರುಗಿಸಿದಷ್ಟೂ ಗುರಿ ಸರಿಯುತ್ತದೆಯೇ, ವಾಪಸು ತಿರುಗಿಸಿದರೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆಯೇ?

ಇಲ್ಲಿ ಕೋನದ ಲೆಕ್ಕ ಸ್ವಲ್ಪ ಬೇಕು. ಎಂಓಎ ಎಂದು ಎಲ್ಲರ ಬಾಯಲ್ಲಿರುವುದು ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು. 100 ಗಜದಲ್ಲಿ ಅದು 1.047 ಇಂಚು, 500 ಗಜದಲ್ಲಿ ಐದು ಇಂಚಿನ ಮೇಲೆ ಸ್ವಲ್ಪ. ಸಾಮಾನ್ಯ ಸ್ಕೋಪಿನ ಒಂದು ಕ್ಲಿಕ್ಕು ಕಾಲು ಎಂಓಎ. ಮಿಲ್ ಎನ್ನುವ ಇನ್ನೊಂದು ಪದ್ಧತಿಯಲ್ಲಿ ಒಂದು ಕ್ಲಿಕ್ಕಿಗೆ 100 ಮೀಟರಿನಲ್ಲಿ ಒಂದು ಸೆಂಟಿಮೀಟರ್. ಎರಡರಲ್ಲಿ ಯಾವುದಾದರೂ ಸರಿ, ತಿರುಗಣೆಯೂ ಒಳಗಿನ ಗೆರೆಗಳೂ ಒಂದೇ ಪದ್ಧತಿಯವಾಗಿರಲಿ. ಪರೀಕ್ಷೆ ಸುಲಭ. ಎತ್ತರದ ಹಲಗೆಯ ಮೇಲೆ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೇರ ಗೆರೆ ಎಳೆಯಿರಿ. ಬುಡಕ್ಕೆ ಗುರಿಯಿಟ್ಟು ಒಂದು ಈಡು ಹೊಡೆಯಿರಿ. 20 ಎಂಓಎ ಏರಿಸಿ, ಬುಡಕ್ಕೇ ಗುರಿಯಿಟ್ಟು ಮತ್ತೊಂದು. 100 ಗಜದಲ್ಲಿ ಎರಡನೆಯ ತೂತು ಮೊದಲನೆಯದಕ್ಕಿಂತ 21 ಇಂಚು ಮೇಲೆ ಅದೇ ಗೆರೆಯ ಮೇಲೆ ಬೀಳಬೇಕು. ಬೀಳದಿದ್ದರೆ ಸ್ಕೋಪು ಹೇಳುವುದು ಒಂದು, ಮಾಡುವುದು ಇನ್ನೊಂದು. ಗೆರೆಯಿಂದ ಪಕ್ಕಕ್ಕೆ ಬಿದ್ದರೆ ಸ್ಕೋಪು ವಾಲಿಕೊಂಡು ಕೂತಿದೆ ಎಂದರ್ಥ.

ಈ ವಾಲುವಿಕೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಐದು ಡಿಗ್ರಿ ಎಂದರೆ ಕಣ್ಣಿಗೆ ತೋರುವುದೇ ಇಲ್ಲ, ಅದರಲ್ಲೂ ಇಳಿಜಾರು ಬೆಟ್ಟದಲ್ಲಿ ಕುಳಿತಾಗ ನೇರ ಯಾವುದು ಓರೆ ಯಾವುದು ಎಂದು ತಲೆಗೇ ತಿಳಿಯುವುದಿಲ್ಲ. ಆದರೆ 10 ಎಂಓಎ ಏರಿಸಿ ಹೊಡೆಯುವ 500 ಗಜದ ಈಡು ಅಷ್ಟಕ್ಕೇ ನಾಲ್ಕು ಇಂಚಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಸ್ಕೋಪಿಗೆ ಸಿಕ್ಕಿಸುವ ಹೆಬ್ಬೆಟ್ಟು ಗಾತ್ರದ ನೀರುಮಟ್ಟವೊಂದು ಬರುತ್ತದೆ, ಗಾರೆಯವರ ರಸಮಟ್ಟದಲ್ಲಿರುವಂಥ ಗುಳ್ಳೆಯದ್ದು. ಕೊಂಡ ವಸ್ತುಗಳಲ್ಲಿ ಅದರಷ್ಟು ಕಡಿಮೆ ಬೆಲೆಗೆ ಅಷ್ಟು ಉಪಕಾರ ಮಾಡುವುದು ಇನ್ನೊಂದಿಲ್ಲ.

ಸ್ಕ್ರೂಗಳ ವಿಚಾರದಲ್ಲಿ ಹುಡುಗ ಕೈಯಳತೆ ಸಾಕು ಎಂದ. ಸಾಲದು. ಸ್ಕೋಪು ಹಿಡಿಯುವ ರಿಂಗಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ಬಿಗಿ ಸಾಕು, ತಯಾರಕರು ಹೇಳಿದ ಅಂಕಿಯನ್ನು ಮೀರಬಾರದು. ಮೀರಿದರೆ ಕೊಳವೆ ನಜ್ಜಾಗಿ ಒಳಗಿನ ಗಾಜು ಸರಾಗವಾಗಿ ಸರಿಯುವುದಿಲ್ಲ. ಕಡಿಮೆಯಾದರೆ ಥರ್ಟಿ ಆಟ್ ಸಿಕ್ಸ್‌ನ ಒದೆತಕ್ಕೆ ಸ್ಕೋಪೇ ಮುಂದಕ್ಕೆ ಜಾರುತ್ತದೆ. ಟಾರ್ಕ್ ವ್ರೆಂಚ್ ನನ್ನ ಹತ್ತಿರ ಇದೆ, ಬೇಲಿಯ ಮೇಲಿಂದ ಕೊಟ್ಟೆ.

"20 ಎಂಓಎ ರೈಲ್ ಹಾಕಿಸ್ಬೇಕಂತೆ ಆಂಟಿ, ಎಲ್ಲರೂ ಹಾಕಿಸ್ತಾರೆ" ಅಂದ.

ಮುಂದಕ್ಕೆ ಸ್ವಲ್ಪ ತಗ್ಗಿಸಿ ಕೊರೆದ ಆ ಪಟ್ಟಿ ಸ್ಕೋಪಿಗೆ ಇನ್ನಷ್ಟು ಏರುವ ಅವಕಾಶ ಕೊಡುತ್ತದೆ. ಸಾವಿರ ಗಜ ಹೊಡೆಯುವವರಿಗೆ ಅದು ಬೇಕು. ಒಳಗೆ ಒಟ್ಟು 60 ಎಂಓಎ ಓಡಾಟವಿರುವ ಸ್ಕೋಪಿನಲ್ಲಿ ಮೇಲಕ್ಕೆ ಹೆಚ್ಚುಕಡಿಮೆ 30 ಸಿಗುತ್ತದೆ. ಇವನ ಕೋವಿಗೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ 100 ಗಜದಿಂದ, ಅಂದರೆ ಜೀರೋದಿಂದ, 500 ಗಜಕ್ಕೆ ಏರಿಸಬೇಕಾದದ್ದು ಹತ್ತರ ಆಸುಪಾಸು. ಮೂರರಲ್ಲೊಂದು ಪಾಲು ಮಾತ್ರ ಖರ್ಚು. ಆ ದುಡ್ಡಿಗೆ ತೋಟಾ ತಗೋ ಎಂದೆ.

ಹಿಡಿಯ ಮೇಲೆ ಕೆನ್ನೆ ಆನಿಸುವ ಜಾಗ ಮುಖ್ಯ. ಈ ಹಳೆಯ ಕೋವಿಗಳ ಹಿಡಿ ತೆರೆದ ಸೈಟಿಗೆ ಎಂದು ಕೆಳಗಿರುತ್ತದೆ. ದೊಡ್ಡ ಸ್ಕೋಪು ಕೂರಿಸಿದರೆ ಕಣ್ಣು ಸಿಗಬೇಕೆಂದು ತಲೆ ಎತ್ತಿ ಗದ್ದ ಆನಿಸುತ್ತೇವೆ. ಕಣ್ಣು ಪ್ರತಿ ಸಲ ಬೇರೆ ಜಾಗದಲ್ಲಿ. ಚರ್ಮದ ಮೆತ್ತೆಯೊಂದನ್ನು ದಾರದಲ್ಲಿ ಕಟ್ಟಿ ಎತ್ತರ ಮಾಡಿಕೊಂಡರೆ ಆಯಿತು. ಕಣ್ಣು ಮುಚ್ಚಿ ಕೋವಿ ಭುಜಕ್ಕೇರಿಸಿ, ಕೆನ್ನೆ ಆನಿಸಿ, ಕಣ್ಣು ತೆರೆದಾಗ ಪೂರ್ತಿ ದುಂಡನೆಯ ನೋಟ ಸಿಗಬೇಕು. ಅಕ್ಟೋಬರಿನಲ್ಲಿ ತೊಡುವ ದಪ್ಪ ಕೋಟನ್ನೇ ತೊಟ್ಟು ಇದನ್ನು ನೋಡಬೇಕು, ಆಗಸ್ಟಿನ ಬನಿಯನ್ನಿನಲ್ಲಲ್ಲ. ಕುದುರೆ, ಅಂದರೆ ಟ್ರಿಗರು, ಎರಡೂವರೆಯಿಂದ ಮೂರು ಪೌಂಡ್ ಇರಲಿ. ಇನ್ನೂ ಹಗುರ ಮಾಡಿಸುವ ಚಪಲ ಕೆಲವರಿಗೆ. ಚಳಿಗೆ ಮರಗಟ್ಟಿದ, ಕೈಗವಸು ತೊಟ್ಟ ಬೆರಳಿಗೆ ಅದು ಅಪಾಯ.

ಈ ಹೊತ್ತಿಗೆ ಕತ್ತಲಾಗುತ್ತ ಬಂದಿತ್ತು. ಗೌಡರ ಹೆಂಡತಿ ಒಳಗಿಂದ ಎರಡು ಸಲ ಕರೆದಾಯಿತು. ಆದರೆ ಹುಡುಗನ ಮನಸ್ಸಿನಲ್ಲಿದ್ದದ್ದು ಇನ್ನೂ ಹೊರಗೆ ಬಂದಿರಲಿಲ್ಲ. "ಆಂಟಿ, 6.5 ಕ್ರೀಡ್‌ಮೋರ್ ತಗೊಂಡ್ರೆ ಇದೆಲ್ಲಾ ತಲೆನೋವೇ ಇರಲ್ವಂತೆ."

ಇರುತ್ತದೆ. ಅದೂ ಒಂದು ಕೋವಿಯೇ, ಅದರ ಸ್ಕ್ರೂವೂ ಸಡಿಲವಾಗುತ್ತದೆ. ಹಾರ್ನಡಿ ಕಂಪನಿಯವರು 2007ರಲ್ಲಿ ತಂದ ಆ ತೋಟಾ ನಿಜಕ್ಕೂ ಒಳ್ಳೆಯದು. ಗುಂಡು ಸಪೂರ, ಉದ್ದ, ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಒದೆತವೂ ಕಡಿಮೆ, ಅದೇ ಅದರ ದೊಡ್ಡ ಗುಣ ಎನ್ನುತ್ತೇನೆ ನಾನು, ಒದೆತಕ್ಕೆ ಹೆದರಿ ಕಣ್ಣು ಮುಚ್ಚದವನೇ ಗುರಿಕಾರ. ಆದರೆ 500 ಗಜದೊಳಗೆ ಇವೆರಡರ ಗುಂಡು ಬೀಳುವ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. 200 ಗಜಕ್ಕೆ ಜೀರೋ ಮಾಡಿದರೆ 6.5ರ 143 ಗ್ರೇನ್ ಗುಂಡು 500 ಗಜದಲ್ಲಿ 40 ಇಂಚಿಗೂ ಸ್ವಲ್ಪ ಹೆಚ್ಚು ಇಳಿದಿರುತ್ತದೆ. ಥರ್ಟಿ ಆಟ್ ಸಿಕ್ಸ್‌ನ 178 ಗ್ರೇನಿನದ್ದೂ ಹೆಚ್ಚುಕಡಿಮೆ ಅಷ್ಟೇ.

ಕ್ರೀಡ್‌ಮೋರ್ ಎಂಬ ಹೆಸರಿನ ಹಿಂದೊಂದು ಕತೆಯಿದೆ, ಗೌಡರಿಗೆ ಹೇಳಿದೆ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಕ್ರೀಡ್‌ಮೋರ್ ಎಂಬ ಗುಂಡು ಹೊಡೆಯುವ ಮೈದಾನವಿತ್ತು. 1874ರ ಸೆಪ್ಟೆಂಬರ್ 26ರಂದು ಅಲ್ಲಿ ಐರ್ಲೆಂಡಿನವರಿಗೂ ಅಮೆರಿಕದವರಿಗೂ ಪಂದ್ಯ: 800, 900, 1,000 ಗಜ. ಐರಿಷರು ಆ ಕಾಲದ ಹೆಸರಾಂತ ಗುರಿಕಾರರು, ಬಾಯಿಂದ ಮದ್ದು ತುಂಬುವ ರಿಗ್ಬಿ ಕೋವಿ ಅವರದು. ಅಮೆರಿಕದವರದು ಹಿಂದಿನಿಂದ ತೋಟಾ ಹಾಕುವ ಶಾರ್ಪ್ಸ್ ಮತ್ತು ರೆಮಿಂಗ್ಟನ್. ಕೊನೆಯ ಈಡಿಗೆ ಅಮೆರಿಕದ ಕರ್ನಲ್ ಬೋಡೈನ್ ಸಿದ್ಧವಾಗುವ ಹೊತ್ತಿಗೆ ಜಿಂಜರ್ ಬಿಯರಿನ ಶೀಶೆ ಒಡೆದು ಕೈ ಕೊಯ್ದಿತ್ತು. ಗಾಯಕ್ಕೆ ಬಟ್ಟೆ ಸುತ್ತಿಕೊಂಡು, ಸಾವಿರ ಗಜದಾಚೆ ನಡುಗುರಿಗೇ ಹೊಡೆದರು. 934ಕ್ಕೆ 931, ಅಮೆರಿಕ ಗೆದ್ದಿತು.

"ಮೂರೇ ಅಂಕಾನಾ!"

"ಕೇಳಿ. ಅದೇ ದಿನ ಐರಿಷರ ಮಿಲ್ನರ್ ಅನ್ನೋರು ಒಂದು ಈಡನ್ನ ಸರಿಯಾಗಿ ನಡುಗುರಿಗೇ ಹೊಡೆದಿದ್ರು. ಆದ್ರೆ ಅದು ಅವರ ಹಲಗೆ ಅಲ್ಲ, ಪಕ್ಕದ್ದು. ಸೊನ್ನೆ ಕೊಟ್ರು. ನಡುಗುರಿಗೆ ನಾಲ್ಕು ಅಂಕ. ಅದು ಸಿಕ್ಕಿದ್ರೆ ಅವರದು 935."

ಗೌಡರು ಬಹಳ ಹೊತ್ತು ತಲೆಯಾಡಿಸಿದರು. ಮಗನೂ ಕೇಳಿಸಿಕೊಂಡ, ಕೋವಿ ಮಾರುವ ಮಾತು ಆಮೇಲೆ ಎತ್ತಲಿಲ್ಲ.

ತೋಟಾ ಆರಿಸುವುದಕ್ಕೆ ರೇಂಜಿನಲ್ಲೇ ಕೂರಬೇಕು. ಮೂರು ನಾಲ್ಕು ಬಗೆಯ ಬೇಟೆ ತೋಟಾ ತಂದು, ಕೋವಿ ಯಾವುದನ್ನು ಇಷ್ಟಪಡುತ್ತದೆ ನೋಡಿ, ಆ ಬಗೆಯಲ್ಲಿ ಒಂದೇ ಲಾಟಿನ ಪೆಟ್ಟಿಗೆಗಳನ್ನು ಒಟ್ಟಿಗೆ ಕೊಳ್ಳುವುದು. ಮೂರು ಗುಂಡು ಒಂದೇ ಕಡೆ ಬಿದ್ದವೆಂದು ಕುಣಿಯಬಾರದು. ಮೂರು ಗುಂಡು ಯಾರಿಗಾದರೂ ಯಾವಾಗಲಾದರೂ ಹತ್ತಿರ ಬೀಳುತ್ತವೆ. ಹತ್ತು ಹೊಡೆದರೆ ಕೋವಿಯ ನಿಜ ಬಣ್ಣ ಕಾಣುತ್ತದೆ. ಗುಂಡಿನ ವೇಗವನ್ನು ಕ್ರೋನೋಗ್ರಾಫಿನಲ್ಲಿ ಅಳೆಯಲೇಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಸಾಮಾನ್ಯವಾಗಿ 24 ಇಂಚಿನ ನಳಿಗೆಯದು. ಇವನದು 22 ಇಂಚು, ಒಂದೊಂದು ಇಂಚಿಗೆ ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಅಡಿ ಕಡಿಮೆ. ಆ ಅಳತೆಯನ್ನೂ, ಬೆಟ್ಟದ ಎತ್ತರವನ್ನೂ, ಚಳಿಯನ್ನೂ ಫೋನಿನ ಲೆಕ್ಕದ ಆ್ಯಪಿಗೆ ಕೊಟ್ಟರೆ ಎಷ್ಟು ಗಜಕ್ಕೆ ಎಷ್ಟು ಕ್ಲಿಕ್ಕು ಎಂಬ ಪಟ್ಟಿ ಬರುತ್ತದೆ. ಅದನ್ನು ಸಣ್ಣ ಚೀಟಿಯಲ್ಲಿ ಬರೆದು ಹಿಡಿಗೆ ಅಂಟಿಸುವುದು, ಬೆಟ್ಟದಲ್ಲಿ ಫೋನು ಚಳಿಗೆ ಸತ್ತಿರುತ್ತದೆ. ಆಮೇಲೆ 300, 400, 500 ಗಜದಲ್ಲಿ ಹೊಡೆದು ಪಟ್ಟಿಯನ್ನು ತಿದ್ದಬೇಕು. ತಿದ್ದದ ಪಟ್ಟಿ ಬರಿಯ ಊಹೆ.

"ಎಲ್ಲಾ ಲೆಕ್ಕ ತಾನೇ ಮಾಡಿ, ತಾನೇ ಹೊಡೆಯೋ ಕೋವಿನೂ ಬಂದದೆಯಂತಲ್ಲಕ್ಕಾ?"

ಬಂದಿದೆ, ಬೇಟೆಗೆ ಕೊಲೊರಾಡೊದಲ್ಲಿ ಅದು ನಿಷಿದ್ಧ. ಗುರಿಯನ್ನು ತಾನೇ ಹಿಂಬಾಲಿಸುವ, ಒಳಗೇ ಲೆಕ್ಕಯಂತ್ರವಿರುವ, ಟ್ರಿಗರನ್ನು ವಿದ್ಯುತ್ತಿನಿಂದ ನಡೆಸುವ ಕೋವಿಗಳನ್ನು ಇಲ್ಲಿನ ನಿಯಮ ಒಪ್ಪುವುದಿಲ್ಲ. ಸರಿಯಾದ ನಿಯಮ ಎಂದು ನನ್ನ ಅಭಿಪ್ರಾಯ. ಪ್ರಾಣ ತೆಗೆಯುವ ತೀರ್ಮಾನ ಮನುಷ್ಯನ ಬೆರಳಲ್ಲೇ ಇರಬೇಕು. ಎಲ್ಕ್‌ಗೆ 24 ಕ್ಯಾಲಿಬರ್‌ಗಿಂತ ಸಣ್ಣ ಕೋವಿ, 85 ಗ್ರೇನ್‌ಗಿಂತ ಹಗುರ ಗುಂಡು ಸಲ್ಲದು. 100 ಗಜದಲ್ಲಿ ಕನಿಷ್ಠ 1,000 ಅಡಿ-ಪೌಂಡ್ ಶಕ್ತಿ ಬೇಕು. ಇವನ ತೋಟಾ ಅದನ್ನೆಲ್ಲ ಯಾವಾಗಲೋ ದಾಟಿದೆ.

ಇನ್ನು ಗಾಳಿ. ಮಿಕ್ಕದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ, ಇದು ಸಿಗುವುದಿಲ್ಲ. ಗುಂಡು ಎಷ್ಟು ಕೆಳಗಿಳಿಯುತ್ತದೆಂಬುದು ಗಣಿತ. ದೂರವನ್ನು ಲೇಸರ್ ಅಳೆದುಕೊಡುತ್ತದೆ, ಏರು ಇಳಿಜಾರಿನ ಲೆಕ್ಕವನ್ನೂ ಅದೇ ಮಾಡುತ್ತದೆ: 30 ಡಿಗ್ರಿ ಇಳಿಜಾರಿನ 400 ಗಜವನ್ನು ಸುಮಾರು 346 ಗಜವೆಂದೇ ಎಣಿಸಬೇಕು. ಗಾಳಿಯನ್ನು ಮಾತ್ರ ಕಣ್ಣಿನಿಂದ ಓದಬೇಕು. ಗಂಟೆಗೆ 10 ಮೈಲಿಯ ಅಡ್ಡಗಾಳಿ ಈ ಗುಂಡನ್ನು 300 ಗಜದಲ್ಲಿ ಐದಾರು ಇಂಚು ತಳ್ಳಿದರೆ, 500 ಗಜದಲ್ಲಿ ಸಮುದ್ರಮಟ್ಟದಲ್ಲಾದರೆ 15 ಇಂಚಿಗೂ ಹೆಚ್ಚು. 9,000 ಅಡಿಯ ಮೇಲೆ ಗಾಳಿಯ ಸಾಂದ್ರತೆ ಮುಕ್ಕಾಲು ಪಾಲಿನಷ್ಟೇ ಇರುವುದರಿಂದ ಅಲ್ಲಿ ಅಡಿಯಷ್ಟಾಗಬಹುದು. ಎಲ್ಕ್‌ನ ಎದೆಗೂಡಿನಲ್ಲಿ ಹೃದಯ ಶ್ವಾಸಕೋಶಗಳಿರುವ ಜಾಗ ಒಂದಡಿಗಿಂತ ಬಹಳ ದೊಡ್ಡದೇನಲ್ಲ. ನಡುವಿಗೆ ಗುರಿಯಿಟ್ಟವನು ಗಾಳಿಯನ್ನು ಐದು ಮೈಲಿ ತಪ್ಪಾಗಿ ಊಹಿಸಿದರೂ 500 ಗಜದಲ್ಲಿ ಆರು ಇಂಚು ಆಚೆ, ಅಂದರೆ ಹೊಟ್ಟೆಗೂ ಬೀಳಬಹುದು. ನಾವು ನಿಂತ ದಿಣ್ಣೆಯ ಮೇಲೆ ಎಲೆ ಅಲುಗದಿದ್ದರೂ ಕಣಿವೆಯ ನಡುವೆ ಬೇರೆ ಗಾಳಿ, ಎದುರು ಬೆಟ್ಟದಲ್ಲಿ ಮತ್ತೊಂದು. ಬಿಸಿಲೇರುತ್ತಿದ್ದಂತೆ ಗಾಳಿ ಇಳಿಜಾರನ್ನು ಹತ್ತುತ್ತದೆ, ಸಂಜೆ ತಂಪಾದಾಗ ಇಳಿಯುತ್ತದೆ. ಹುಲ್ಲು ಎಷ್ಟು ಬಾಗಿದೆ, ಸ್ಕೋಪಿನಲ್ಲಿ ಕಾಣುವ ಬಿಸಿಲಿನ ತೆರೆ ಯಾವ ಕಡೆ ಹರಿಯುತ್ತಿದೆ, ಆಚೆಯ ಆಸ್ಪೆನ್ ಎಲೆಗಳು ಏನು ಹೇಳುತ್ತಿವೆ. ಇದನ್ನು ಕಲಿಯಲು ಗಾಳಿಯಿರುವ ದಿನವೇ ಅಭ್ಯಾಸಕ್ಕೆ ಹೋಗಬೇಕು. ಎಲ್ಲರೂ ಹೋಗುವುದು ಗಾಳಿಯಿಲ್ಲದ ಬೆಳಗಿನಲ್ಲಿ.

ಇನ್ನೂ ಒಂದಿದೆ. 500 ಗಜ ದಾಟಲು ಗುಂಡಿಗೆ ಸೆಕೆಂಡಿನ ಮೂರರಲ್ಲಿ ಎರಡು ಪಾಲು ಹಿಡಿಯುತ್ತದೆ. ಅಷ್ಟರಲ್ಲಿ ಮೇಯುವ ಪ್ರಾಣಿ ಒಂದು ಹೆಜ್ಜೆ ಇಡಬಹುದು. ಅದನ್ನು ಯಾವ ಯಂತ್ರವೂ ಮುಂಚಿತವಾಗಿ ಹೇಳದು. ಗುಂಡಿನ ವೇಗವೂ ತಗ್ಗುತ್ತ ಹೋಗುತ್ತದೆ. ಬಹಳಷ್ಟು ಬೇಟೆ ಗುಂಡುಗಳು ಒಳಗೆ ಹೊಕ್ಕು ಅರಳಬೇಕಾದರೆ ಸೆಕೆಂಡಿಗೆ 1,800 ಅಡಿಯಾದರೂ ಉಳಿದಿರಬೇಕು. ಅರಳದ ಗುಂಡು ಸೂಜಿಯಂತೆ ತೂರಿಹೋಗುತ್ತದೆ, ಪ್ರಾಣಿ ಮೈಲಿಗಟ್ಟಲೆ ನಡೆದು ಎಲ್ಲೋ ಸಾಯುತ್ತದೆ. ಬೇಟೆಗಾರರದ್ದೇ ಹಳೆಯ ಸಂಸ್ಥೆಯಾದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಅತಿದೂರದ ಈಡನ್ನು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ.

"ಹಂಗಾದ್ರೆ ಎಷ್ಟು ದೂರ ಅಂತ ಹೇಳಿ ಇವನಿಗೆ" ಗೌಡರು ಪಟ್ಟು ಹಿಡಿದರು.

ನಾನು ಹೇಳುವ ಸಂಖ್ಯೆಯಲ್ಲ ಅದು. ಒಂದು ನೋಟ್‌ಬುಕ್ ಇಡು ಎಂದೆ ಹುಡುಗನಿಗೆ. ರೇಂಜಿಗೆ ಹೋದಾಗಲೆಲ್ಲ ಮೊದಲ ಈಡಿಗೆ ಬೇರೆಯೇ ಕಾಗದ. ಮೇಜು ಬೇಡ, ಬೆನ್ನಿಗೆ ಹಾಕುವ ಚೀಲವನ್ನೇ ಆಸರೆಗಿಟ್ಟು, ಕಾರಿನಿಂದ ಇಳಿದು ಒಂದು ಸುತ್ತು ಓಡಿ ಬಂದು, ಉಸಿರು ಇನ್ನೂ ಏರಿಳಿಯುವಾಗಲೇ ಮಲಗಿಯೋ ಕುಳಿತೋ ಒಂದು ಗುಂಡು. ದಿನಾಂಕ, ಚಳಿ, ಗಾಳಿ ಬರೆದು ಆ ತೂತನ್ನು ನೋಟ್‌ಬುಕ್ಕಿನ ಒಂದೇ ಪುಟಕ್ಕೆ ಎತ್ತಿಕೊಳ್ಳುವುದು. ಮಿಕ್ಕ ಗುಂಡುಗಳನ್ನು ಹೇಗೆ ಬೇಕಾದರೂ ಹೊಡೆದುಕೋ. ಅಕ್ಟೋಬರಿನ ಹೊತ್ತಿಗೆ ಆ ಪುಟದಲ್ಲಿ ಬರಿಯ ಮೊದಲ ಈಡುಗಳೇ ಇರುತ್ತವೆ. ಯಾವ ದೂರದವರೆಗೆ ಅವೆಲ್ಲ ಊಟದ ತಟ್ಟೆಯಗಲದ ವೃತ್ತದೊಳಗೆ ಬಿದ್ದಿವೆಯೋ, ಒಂದೂ ಹೊರಗೆ ಹೋಗಿಲ್ಲವೋ, ಅದೇ ಅವನ ದೂರ. ಗಾಳಿಯ ದಿನ ಅದರಲ್ಲೂ ಕಳೆಯಬೇಕು. 600 ಬರಬಹುದು ಎಂದು ಅವನೆಂದುಕೊಂಡಿದ್ದಾನೆ. 300 ಬಂದರೂ ಅದು ಒಳ್ಳೆಯ ಸಂಖ್ಯೆ. ಬೆಟ್ಟದಲ್ಲಿ 500 ಗಜದಲ್ಲಿ ಕಂಡ ಎಲ್ಕ್‌ನ ಕಡೆಗೆ ಗಾಳಿ ನೋಡಿಕೊಂಡು, ಮರೆಯಲ್ಲಿ ತೆವಳಿಕೊಂಡು, ಇನ್ನೂರು ಗಜ ಹತ್ತಿರ ಹೋಗುವುದಿದೆಯಲ್ಲ, ಬೇಟೆ ಎಂದರೆ ಅದೇ. ಅದಕ್ಕೆ ಯಾವ ಸ್ಕೋಪೂ ಬೇಡ.

"ಇಷ್ಟೆಲ್ಲ ಮಾಡಿನೂ ಗಾಯ ಆಗಿ ಓಡಿಹೋದ್ರೆ?"

ಗೌಡರು ಇದನ್ನು ಕೇಳಿದ್ದು ನನಗೆ ಸಮಾಧಾನ ತಂದಿತು. ಹಿಂಬಾಲಿಸಲೇಬೇಕು. ಗಾಯಗೊಂಡ ಪ್ರಾಣಿಯನ್ನು ಹುಡುಕಿ ಮುಗಿಸಲು ತಕ್ಕ ಪ್ರಯತ್ನ ಮಾಡಬೇಕೆಂದು ಕಾನೂನೇ ಹೇಳುತ್ತದೆ. ದೂರದ ಈಡಿನಲ್ಲಿ ಆ ಹುಡುಕಾಟ ಶುರುವಾಗುವ ಜಾಗವೇ ಸಿಗುವುದಿಲ್ಲ, ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಕಣಿವೆಯೀಚೆಯಿಂದ ಆ ಒಂಟಿ ಪೈನ್ ಮರ, ಅದರ ಪಕ್ಕದ ಕೆಂಪು ಬಂಡೆ ಸ್ಪಷ್ಟವಾಗಿ ಕಾಣುತ್ತಿರುತ್ತವೆ. ಇಳಿದು, ಹಳ್ಳ ದಾಟಿ, ಹತ್ತಿ ಅಲ್ಲಿಗೆ ಮುಟ್ಟುವಾಗ ಪೈನ್ ಮರಗಳು ಹತ್ತಾಗಿರುತ್ತವೆ, ಬಂಡೆಗಳೆಲ್ಲ ಕೆಂಪಗಿರುತ್ತವೆ. ಹಾಗಾಗಿ ಟ್ರಿಗರಿಗೆ ಬೆರಳಿಡುವ ಮುಂಚೆಯೇ ಪ್ರಾಣಿ ನಿಂತ ಜಾಗದ ಫೋಟೊ ತೆಗೆಯುವುದು, ದಿಕ್ಸೂಚಿಯಲ್ಲಿ ದಿಕ್ಕು ಬರೆದುಕೊಳ್ಳುವುದು. ಹೊಡೆದ ಮೇಲೆ ತಾನು ನಿಂತ ಜಾಗದಲ್ಲಿ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ ಹೊರಡುವುದು, ಆಚೆಯಿಂದ ತಿರುಗಿ ನೋಡಿ ಸರಿಹೊಂದಿಸಿಕೊಳ್ಳಲು. ಜೊತೆಗಾರನಿದ್ದರೆ ಅವನು ಈಚೆಯೇ ನಿಂತು ದುರ್ಬೀನಿನಲ್ಲಿ ನೋಡುತ್ತ ಕೈಸನ್ನೆಯಿಂದ ದಾರಿ ತೋರಿಸಬೇಕು.

"ಜೊತೆಗಾರ ನಾನೇ ಆಯ್ತೀನಿ" ಎಂದರು ಗೌಡರು. ಹಾಗಾದರೆ ನೀವೂ ಬೇಟೆಗಾರರು ತೊಡಬೇಕಾದ 500 ಚದರ ಇಂಚಿನ ಕಿತ್ತಳೆ ಬಣ್ಣದ ಅಂಗಿಯೊಂದನ್ನು ಕೊಂಡುಕೊಳ್ಳಿ, ಶನಿವಾರ ಮೂವರೂ ರೇಂಜಿಗೆ ಹೋಗೋಣ, ಕಿವಿಮುಚ್ಚಿಗೆ ನಮ್ಮ ಮನೆಯಲ್ಲೇ ಹೆಚ್ಚಿನದಿದೆ ಎಂದೆ.